ಮಹಜರನ್ನು ಓದುವ ವಿಚಾರ: ಅಪರಾಧಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತು

ಹೊಳೆಹೊನ್ನೂರು ಭದ್ರಾವತಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಭದ್ರೆಯ ದಡದ ಊರು. ಸಮೀಪದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸುತ್ತವೆ. ಸುತ್ತಮುತ್ತ ನಾಲೆಯ ನೀರುಂಡ ಗದ್ದೆಗಳು, ಅಡಿಕೆಯ ತೋಟಗಳು. ಊರಿಗೊಂದು ಪೋಲೀಸು ಠಾಣೆಯಿದೆ. ಈ ಸೀಮೆಯಲ್ಲಿ ಸುಗ್ಗಿಯ ಕಾಲದ ಒಂದು ರಾತ್ರಿ, ಬೇಯಿಸಿ ಒಣಹಾಕಿದ್ದ ಅಡಿಕೆ ಕಳವಾಯಿತೆಂದು ಭಾವಿಸೋಣ. ತೋಟದ ಯಜಮಾನನು ಠಾಣೆಗೆ ಹೋಗಿ ಫಿರ್ಯಾದು ಕೊಡುತ್ತಾನೆ. ಅಧಿಕಾರಿಗಳು ಬಂದು ಪಂಚರನ್ನು ಕರೆಸಿ ಸ್ಥಳದ ಮಹಜರು ಬರೆಯುತ್ತಾರೆ. ಅಪರಾಧಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ. ಪದವಿ ಪಡೆದ ನಮ್ಮ ವಿದ್ಯಾರ್ಥಿಯ ಕೈಗೆ ಆ ಮಹಜರನ್ನು ಕೊಟ್ಟರೆ ಆತನು ಅದನ್ನು ಓದಬಲ್ಲನೆ? ಅಕ್ಷರಗಳನ್ನು ಓದಬಲ್ಲನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಅಪರಾಧಶಾಸ್ತ್ರವು ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ತಳವೂರಿ ಬಹುಕಾಲವೇನೂ ಆಗಿಲ್ಲ. ಸಾಗರ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ನ್ಯಾಯವಿಜ್ಞಾನದ ವಿಭಾಗವು 1959ರಲ್ಲಿ ಆರಂಭವಾಯಿತು. (ಇದು ಮಧ್ಯಪ್ರದೇಶದ ಸಾಗರ, ನಮ್ಮ ಜಿಲ್ಲೆಯವರು ತಮ್ಮ ಸಾಗರವೆಂದು ಹಿಗ್ಗಬಾರದು.) ಕರ್ನಾಟಕದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಈ ಶಾಸ್ತ್ರವನ್ನು ಬಹುಕಾಲದಿಂದ ಬೋಧಿಸುತ್ತ ಬಂದಿದೆ. ಈಚೆಗೆ ಶಿವಮೊಗ್ಗದಲ್ಲಿಯೇ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಒಂದು ಆವರಣವು ತೆರೆದಿದೆ. ಹೊಳೆಹೊನ್ನೂರಿನ ಹುಡುಗನೊಬ್ಬನು ಈ ವಿದ್ಯೆಯನ್ನು ಅರಸಿ ಇನ್ನು ಬಹುದೂರ ಹೋಗಬೇಕಾಗಿಲ್ಲವೆಂಬುದು ಸಂತೋಷದ ಸಂಗತಿ. ಆದರೆ ಕಲಿತ ವಿದ್ಯೆಯು ಅವನನ್ನು ಹೊಳೆಹೊನ್ನೂರಿಗೆ ಮರಳಿಸುವುದೇ ಎಂಬುದು ನಮ್ಮ ಪ್ರಶ್ನೆ.

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳ ಸ್ಥಾನದಲ್ಲಿ ಮೂರು ಹೊಸ ಕಾನೂನುಗಳು ಜಾರಿಗೆ ಬಂದಿವೆ. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಗೆ ಅವಕಾಶವಿರುವ ಅಪರಾಧ ನಡೆದಲ್ಲಿ ನ್ಯಾಯವಿಜ್ಞಾನದ ತಜ್ಞನು ಸ್ಥಳಕ್ಕೆ ಬರತಕ್ಕದ್ದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಪ್ರಕರಣವು ವಿಧಿಸುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯಿದೆ. ಪ್ರಯೋಗಶಾಲೆಯ ವಿದ್ಯೆಗೆ ಇದರಿಂದ ಬೇಡಿಕೆ ಹೆಚ್ಚಿತು, ವಿದ್ಯಾರ್ಥಿಗಳೂ ಅತ್ತ ಒಲಿದರು. ಇದನ್ನು ತಪ್ಪೆನ್ನಲಾಗದು. ಆದರೆ ತಜ್ಞನು ಬರಬೇಕೋ ಬೇಡವೋ ಎಂಬುದನ್ನೇ ನಿರ್ಧರಿಸುವುದು ಪ್ರಯೋಗಶಾಲೆಯಲ್ಲ. ಮಹಜರಿನ ಒಂದು ಪದ.

ನಮ್ಮ ಅಡಿಕೆಯ ಉದಾಹರಣೆಗೇ ಬರೋಣ. ಭಾರತೀಯ ನ್ಯಾಯ ಸಂಹಿತೆಯ 303ನೆಯ ಪ್ರಕರಣದ ಪ್ರಕಾರ ಸಾಮಾನ್ಯ ಕಳವಿಗೆ ಮೂರು ವರ್ಷಗಳವರೆಗೆ ಶಿಕ್ಷೆಯುಂಟು. ವಾಸಕ್ಕಾಗಲಿ ಸ್ವತ್ತಿನ ಸಂರಕ್ಷಣೆಗಾಗಲಿ ಉಪಯೋಗಿಸುವ ಕಟ್ಟಡದಿಂದ ಕದ್ದರೆ 305ನೆಯ ಪ್ರಕರಣದಂತೆ ಏಳು ವರ್ಷಗಳವರೆಗೆ ಶಿಕ್ಷೆ. ಅಡಿಕೆಯು ಬಯಲು ಕಣದಲ್ಲಿದ್ದರೆ ಮೊದಲನೆಯದು, ಉಗ್ರಾಣದಲ್ಲಿದ್ದರೆ ಎರಡನೆಯದು. ಆಗ ತಜ್ಞನೂ ಬರಬೇಕು. ಚಪ್ಪರದ ಮೇಲೋ ಕೆಳಗೋ ಇದ್ದರೆ? ಕಂಬ ನೆಟ್ಟು ದಬ್ಬೆ ಹಾಸಿದ ಅಡಿಕೆಯ ಚಪ್ಪರವು ಕಟ್ಟಡವೇ? ಅದು ಸ್ವತ್ತಿನ ಸಂರಕ್ಷಣೆಗಾಗಿ ಇರುವುದೋ, ಬಿಸಿಲಿಗಾಗಿ ಇರುವುದೋ? ಇನ್ನೂ ಒಂದು ಮಾತು. ಕದ್ದ ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಮೆಯಾಗಿ, ಅಪರಾಧಿಗೆ ಅದೇ ಮೊದಲ ಸಲ ಶಿಕ್ಷೆಯಾಗುವುದಾಗಿ, ಸ್ವತ್ತನ್ನೋ ಅದರ ಬೆಲೆಯನ್ನೋ ಆತನು ಹಿಂದಿರುಗಿಸಿದರೆ, ಸಾಮಾನ್ಯ ಕಳವಿಗೆ ಸಮುದಾಯ ಸೇವೆಯೇ ಶಿಕ್ಷೆಯೆಂದು ಹೊಸ ಸಂಹಿತೆ ಹೇಳುತ್ತದೆ. ಕ್ವಿಂಟಾಲಿಗೆ 50,000 ರೂಪಾಯಿ ಧಾರಣೆಯೆಂದು ಹಿಡಿದರೆ, ಒಣಗಿದ ಅಡಿಕೆಯಲ್ಲಿ ಇದು ಹತ್ತು ಕಿಲೋಗಿಂತ ಕಡಮೆಯ ತೂಕ. ಅದೇ ಅಡಿಕೆ ಹಸಿಯಾಗಿದ್ದರೆ ಲೆಕ್ಕವೇ ಬೇರೆ. ಮಹಜರಿನಲ್ಲಿ ಬರಿದೆ ‘ಅಡಿಕೆ’ ಎಂದು ಬರೆದು ಹಸಿಯೋ ಒಣಗಿದ್ದೋ ತಿಳಿಸದಿದ್ದರೆ, ಒಬ್ಬ ಕೂಲಿಯಾಳಿನ ಮೂರು ವರ್ಷಗಳು ಆ ಮೌನದಲ್ಲಿ ತೂಗಾಡುತ್ತವೆ.

ಈ ಬಗೆಯ ಓದಿಗೆ ನಮ್ಮ ಪಠ್ಯಕ್ರಮಗಳಲ್ಲಿ ಎಡೆಯಿಲ್ಲವೆಂಬುದೇ ನಮ್ಮ ಆಕ್ಷೇಪಣೆ. ಬೆಕಾರಿಯನಿಂದ ಮೊದಲಾಗಿ ಲೊಂಬ್ರೋಸೊ, ಸದರ್‌ಲ್ಯಾಂಡ್ ಇವರವರೆಗಿನ ಸಿದ್ಧಾಂತಗಳನ್ನು ವಿದ್ಯಾರ್ಥಿಯು ಕ್ರಮವಾಗಿ ಕಲಿಯುತ್ತಾನೆ. ಹುಟ್ಟು ಅಪರಾಧಿಯೆಂಬ ಲೊಂಬ್ರೋಸೊವಿನ ವಾದವು (1876) ಹೇಗೆ ಬಿದ್ದುಹೋಯಿತೆಂದು ಬರೆದು ಅಂಕಗಳನ್ನೂ ಗಳಿಸುತ್ತಾನೆ. ಆ ವಾದಕ್ಕಿಂತ ಐದು ವರ್ಷ ಮೊದಲೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯಿದೆಯು ನಮ್ಮಲ್ಲಿ ಹುಟ್ಟನ್ನೇ ಅಪರಾಧವಾಗಿಸಿತ್ತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಅದರ ಮೇರೆಗೆ ವಸಾಹತುಗಳು ಎದ್ದವು. ಕಾಯಿದೆ ರದ್ದಾದುದು 1952ರಲ್ಲಿ. ಟ್ಯುರಿನ್ನಿನ ತಲೆಬುರುಡೆಗಳನ್ನು ಬಲ್ಲ ವಿದ್ಯಾರ್ಥಿಗೆ ಹುಬ್ಬಳ್ಳಿಯ ವಸಾಹತು ತಿಳಿಯದಿದ್ದರೆ ಆ ಕೊರತೆ ಬೋಧಿಸಿದ ನಮ್ಮದು. ಹಾಗೆಯೇ ಸದರ್‌ಲ್ಯಾಂಡನ ‘ಬಿಳಿ ಕಾಲರಿನ ಅಪರಾಧ’ವನ್ನು ಬಳ್ಳಾರಿಯ ಗಣಿಗಾರಿಕೆಯ ಮೇಲಣ 2011ರ ಲೋಕಾಯುಕ್ತ ವರದಿಯೊಡನೆ ಇಟ್ಟು ಓದಿಸಬಾರದೇಕೆ?

ಜಿಲ್ಲೆಯೊಳಗಿನ ಇನ್ನೊಂದು ದೊಡ್ಡ ಪಾಠ ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರಿನಲ್ಲಿ ಆ ಗ್ರಾಮದವರು ತಾವು ಸ್ವತಂತ್ರರೆಂದು ಸಾರಿದರು. ಘರ್ಷಣೆಯಲ್ಲಿ ಅಮಲ್ದಾರರೂ ಪೋಲೀಸು ಸಬ್-ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು. 1943ರ ಮಾರ್ಚಿಯಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ನ್ಯಾಯಾಲಯದ ಲೆಕ್ಕದಲ್ಲಿ ಕೊಲೆಗಾರರಾದವರು ಕೆಲವೇ ವರ್ಷಗಳಲ್ಲಿ ಹುತಾತ್ಮರೆನಿಸಿದರು. ಅಪರಾಧವೆಂಬ ಹೆಸರನ್ನು ಇಡುವವರು ಯಾರೆಂಬ ಪ್ರಶ್ನೆಗೆ ಅಮೆರಿಕದ ಗ್ರಂಥಗಳಲ್ಲಿ ಉತ್ತರ ಹುಡುಕುವ ಮೊದಲು ಈಸೂರಿನ ದಾರಿ ಹಿಡಿಯಬಹುದು. ಸತ್ತ ಇಬ್ಬರು ನೌಕರರ ಕುಟುಂಬಗಳನ್ನೂ ಆ ಪಾಠದಲ್ಲಿ ಮರೆಯಬಾರದೆಂಬುದು ನಮ್ಮ ಅಭಿಪ್ರಾಯ. ಅನ್ಯಾಯಕ್ಕೊಳಗಾದವರನ್ನು ಕುರಿತ ಶಾಸ್ತ್ರವೆಂದು ನಾವು ಬೋಧಿಸುವುದು ಮತ್ತೆ ಏನನ್ನು?

ಕನ್ನಡದಲ್ಲಿ ಪರಿಭಾಷೆಯಿಲ್ಲವೆಂಬ ಮಾತನ್ನು ಕೆಲವರು ಎತ್ತುವುದುಂಟು. ಫಿರ್ಯಾದಿ, ಆಪಾದಿತ, ಪಂಚರು, ಜಪ್ತಿ, ಮುಚ್ಚಳಿಕೆ, ಜಾಮೀನು, ತನಿಖೆ ಇವು ಠಾಣೆಯಲ್ಲಿಯೂ ಕೋರ್ಟಿನಲ್ಲಿಯೂ ದಿನವೂ ಸವೆಯುವ ಮಾತುಗಳು. ಇವನ್ನು ಬಿಟ್ಟು ಭಾಷಾಂತರಕಾರರು ಅನ್ಯಾಯಕ್ಕೊಳಗಾದವನನ್ನು ‘ಬಲಿಪಶು’ ಮಾಡಿದರು. ಠಾಣೆಯ ಬರಹಗಾರನು ಅವನನ್ನು ‘ನೊಂದವರು’ ಎನ್ನುತ್ತಾನೆ. ಇಬ್ಬರಲ್ಲಿ ಭಾಷೆಯನ್ನೂ ಮನುಷ್ಯನನ್ನೂ ಬಲ್ಲವನು ಆತನೇ.

ಮಾಡಬೇಕಾದುದು ಕಷ್ಟದ ಕೆಲಸವಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ತೀರ್ಮಾನವಾಗಿ ಮುಗಿದ ಒಂದು ಮೊಕದ್ದಮೆಯ ಕಡತವನ್ನು, ವಿಧಿಯಂತೆ ಅರ್ಜಿ ಸಲ್ಲಿಸಿ ಪಡೆದ ನಕಲುಗಳಿಂದ, ಪ್ರಥಮ ವರ್ತಮಾನ ವರದಿಯಿಂದ ತೀರ್ಪಿನವರೆಗೆ ಓದಲಿ, ಹೆಸರುಗಳನ್ನು ಮರೆಸಲಿ. ಪಂಚರು ನ್ಯಾಯಾಲಯದಲ್ಲಿ ಪ್ರತಿಕೂಲರಾಗಿದ್ದರೆ, ‘ಓದಿ ಕೇಳಿದೆ, ಸರಿಯಿದೆ’ ಎಂದು ಮಹಜರಿಗೆ ರುಜು ಹಾಕಿದ ದಿನ ಅವರು ಎಲ್ಲಿ ನಿಂತಿದ್ದರೆಂದು ಕೇಳಲಿ. ಈಗ ಶೋಧನೆ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕೆಂದು ಕಾನೂನಿದೆ. ಚಿತ್ರವನ್ನೂ ಬರಹವನ್ನೂ ಎದುರುಬದುರಿಟ್ಟು ನೋಡುವ ಅವಕಾಶ ಹಿಂದಿನ ತಲೆಮಾರಿಗೆ ಇರಲಿಲ್ಲ. ಮೇಲ್ಮನವಿ ಹೈಕೋರ್ಟಿಗೆ ಹೋಗಿದ್ದರೆ ಕನ್ನಡದ ಸಾಕ್ಷ್ಯದ ಇಂಗ್ಲಿಷ್ ಭಾಷಾಂತರವನ್ನೂ ತರಿಸಿಕೊಳ್ಳಲಿ. ಹೊಳೆಹೊನ್ನೂರಿನ ಸಾಕ್ಷಿಯು ‘ಚಪ್ಪರ’ವೆಂದು ಹೇಳಿದ್ದು ಅಲ್ಲಿ ‘ಶೆಡ್’ ಆಗಿದ್ದರೆ, ನಾಲ್ಕು ಕಂಬಗಳ ಆ ಚಪ್ಪರಕ್ಕೆ ದಾರಿಯಲ್ಲಿ ಎಲ್ಲಿಯೋ ಗೋಡೆಗಳು ಬಂದಿವೆ.