ತಿಳಿಗೇಡಿಯೋ, ಅವಿವೇಕಿಯೋ?

ದಡ್ಡ, ತಿಳಿಗೇಡಿ, ಅವಿವೇಕಿ: ಈ ಮೂರನ್ನೂ ನಾವು ಒಂದರ ಬದಲು ಇನ್ನೊಂದರಂತೆ ಬಳಸುತ್ತೇವೆ. ನನ್ನ ಸಂಶೋಧನಾ ಟಿಪ್ಪಣಿಗಳಲ್ಲೂ ಹಾಗೇ ಬಳಸಿದ್ದೆ. ಮಹಾಭಾರತದ ದ್ಯೂತಪ್ರಸಂಗವನ್ನು ಮತ್ತೆ ಓದುವಾಗ ಅದು ತಪ್ಪೆನಿಸಿತು.

ತಿಳಿ ಎಂದರೆ ಅರಿ. ಕದಡದ ನೀರೂ ತಿಳಿಯೇ. ತಿಳಿಸಾರು, ತಿಳಿಗೊಳಗಳಲ್ಲಿರುವುದು ಇದೇ ಪದ. ಅದಕ್ಕೆ ಕೇಡು ತಗುಲಿದರೆ ತಿಳಿಗೇಡಿ. ದಡ್ಡನಿಗೆ ಬುದ್ಧಿ ಕಡಿಮೆ; ತಿಳಿಗೇಡಿಗೆ ಇದ್ದ ತಿಳಿ ಕದಡಿದೆ. ‘ವಿವೇಕ’ದ ದಾರಿ ಬೇರೆ. ಅದರ ಮೂಲದಲ್ಲಿರುವ ಸಂಸ್ಕೃತದ ‘ವಿಚ್’ ಧಾತುವಿಗೆ ಬೇರ್ಪಡಿಸು ಎಂದರ್ಥ. ಕಾಳನ್ನೂ ಜೊಳ್ಳನ್ನೂ ಬೇರೆ ಮಾಡಲಾಗದಿರುವುದು ಅವಿವೇಕ.

ಮೊದಲ ಆಟದಲ್ಲಿ ಧರ್ಮರಾಯ ತಿಳಿಗೇಡಿ. ಸೋಲಿನಿಂದ ಕದಡಿದ ಮನಸ್ಸು ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟಿತು. ವಿವೇಕ ಎದ್ದು ಕಾಣುವುದು ದ್ರೌಪದಿಯಲ್ಲಿ. ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಕೇಳಿ, ಸಭೆ ಒಂದಾಗಿ ಕಂಡ ಎರಡು ಸೋಲುಗಳನ್ನು ಅವಳು ಬೇರ್ಪಡಿಸಿದಳು.

ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ. ಕದಡಿದ್ದು ತಿಳಿಯಾಗಿತ್ತು. ಆದರೂ ಮತ್ತೆ ಕರೆ ಬಂದಾಗ, ಕೇಡನ್ನು ಬಲ್ಲವನಾಗಿಯೇ, ಹಿರಿಯನ ಮಾತು ಮೀರಲಾರೆನೆಂದು ಧರ್ಮರಾಯ ಹೋದ. ಇಲ್ಲೂ ಅವನನ್ನು ತಿಳಿಗೇಡಿ ಎನ್ನುವುದು ವಿಮರ್ಶೆಯಲ್ಲ, ರಿಯಾಯಿತಿ. ತಿಳಿ ಇತ್ತು, ವಿಧೇಯತೆಯನ್ನು ಧರ್ಮದಿಂದ ಬೇರ್ಪಡಿಸಲು ಅವನಿಗಾಗಲಿಲ್ಲ. ಅದು ಅವಿವೇಕ.

ಟಿಪ್ಪಣಿಯಲ್ಲಿ ಎರಡೂ ಆಟಗಳಿಗೆ ಬರೆದಿದ್ದ ಒಂದೇ ಪದವನ್ನು ಹೊಡೆದುಹಾಕಿದ್ದೇನೆ.