ಚಕ್ರದ ಮೇಲಿನ ನೈದಿಲೆ ಕೊಳ

ಹಾಸನದ ಬಸ್ ನಿಲ್ದಾಣದ ಹತ್ತಿರದ ಬ್ಯಾಗಿನ ಅಂಗಡಿಯೊಂದರಲ್ಲಿ ಕಳೆದ ಜೂನಿನಲ್ಲಿ ನನಗೆ ಕ್ಲಾದ್ ಮೊನೆ ಎದುರಾದ. ತಂಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು, ಪಿ.ಜಿ.ಗೆ ಹೊರಡಲು ಗಟ್ಟಿಯಾದ ಸೂಟ್‌ಕೇಸು ಬೇಕಿತ್ತು. ಕಪ್ಪು, ಕಡುನೀಲಿ ಪೆಟ್ಟಿಗೆಗಳ ಸಾಲಿನಲ್ಲಿ ಒಂದರ ಮೈತುಂಬ ಹಸಿರು ನೀರು, ನೀರಿನ ಮೇಲೆ ಹೂ, ಅಡ್ಡಲಾಗಿ ಬಾಗಿದ ಸೇತುವೆ. 1899ರಲ್ಲಿ ಮೊನೆ ಜಿವೆರ್ನಿಯ ತನ್ನ ತೋಟದಲ್ಲಿ ಮತ್ತೆ ಮತ್ತೆ ಬರೆದ ನೈದಿಲೆ ಕೊಳದ ಚಿತ್ರಗಳಲ್ಲೊಂದು. "ತಾವರೆದು ಕೊಡ್ಲಾ ಮೇಡಂ? ಅದೊಂದೇ ಪೀಸ್ ಉಳ್ದಿರೋದು" ಎಂದರು ಅಂಗಡಿಯವರು. ತಂಗಿ ಅದನ್ನೇ ಹಿಡಿದುಕೊಂಡಳು.

ಅದು ತಾವರೆಯಲ್ಲ. ತಾವರೆಯ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ, ನೈದಿಲೆಯ ಎಲೆ ನೀರಿಗೆ ಅಂಟಿಕೊಂಡು ತೇಲುತ್ತದೆ. ಅಂಗಡಿಯಲ್ಲಿ ಇದನ್ನು ಹೇಳಲು ಹೋಗಲಿಲ್ಲ. ಆದರೆ ಅರಕಲಗೂಡಿನ ಬಸ್ಸು ಹತ್ತಿದ ಮೇಲೆ ಕಿರಿಕಿರಿ ಶುರುವಾಯಿತು. 'ಶ್ರೇಷ್ಠ ಕಲೆ ಸರಕಾಯಿತು' ಎಂಬ ಸಿದ್ಧ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಆ ವಾಕ್ಯ ಯಾಕೆ ಸಾಲದು ಎಂದು ಯೋಚಿಸುತ್ತ ಹೋದದ್ದರ ಫಲ ಈ ಬರಹ.

ಮೊದಲನೆಯದಾಗಿ, ಇಂಪ್ರೆಷನಿಸಂ ಸಾಮಾನು ಹೊತ್ತು ಹೊರಟವರ ಕಲೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಟ್ಯೂಬು ಬಂದ ಮೇಲೆ ಬಣ್ಣ ಪೆಟ್ಟಿಗೆಯೊಳಗೆ ಕೂತಿತು, ಪೆಟ್ಟಿಗೆ ರೈಲು ಹತ್ತಿತು, ಚಿತ್ರಕಾರ ಹೊಳೆಯ ದಂಡೆಗೆ ಇಳಿದ. ಮೊನೆ 1877ರಲ್ಲಿ ಪ್ಯಾರಿಸ್ಸಿನ ಸಾಂ ಲಜಾರ್ ರೈಲು ನಿಲ್ದಾಣವನ್ನೇ ಹೊಗೆಸಮೇತ ಬರೆದ. 'ಇಂಪ್ರೆಷನಿಸ್ಟ್' ಎಂಬ ಹೆಸರು ಕೂಡ 1874ರ ಪ್ರದರ್ಶನವನ್ನು ನೋಡಿದ ಪತ್ರಕರ್ತ ಲೂಯಿ ಲೆರೋಯ್ ಗೇಲಿಗೆಂದು ಅಂಟಿಸಿದ್ದು. ಇಂಥ ಚಿತ್ರ ಪೆಟ್ಟಿಗೆಯ ಮೇಲೆ ಬಂದು ಕೂತರೆ ಅದನ್ನು ಅಪಚಾರವೆನ್ನುವುದು ಕಷ್ಟ.

ಎರಡನೆಯದಾಗಿ, ಪ್ರತಿಗಳ ಬಗ್ಗೆ ನಮಗೆ ಮಡಿ ಇಲ್ಲ. ಯಂತ್ರ ತೆಗೆಯುವ ಪ್ರತಿಗಳ ಕಾಲದಲ್ಲಿ ಮೂಲಕೃತಿ ತನ್ನ ಪ್ರಭಾವಳಿಯನ್ನು ಕಳೆದುಕೊಳ್ಳುತ್ತದೆ ಎಂದು ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲೇ ಬರೆದಿದ್ದ. ಪ್ರಭಾವಳಿಯನ್ನು ದಿನವೂ ನೋಡುವ ನಮ್ಮ ಗುಡಿಗಳಲ್ಲಿ ಮೂಲಮೂರ್ತಿ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಉತ್ಸವಮೂರ್ತಿ ಬೀದಿಗೆ ಬರುತ್ತದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ ತೆರೆಯುತ್ತದೆ. ಆಕೆಯ ಪಟ ಮಾತ್ರ ಆಟೋಗಳಲ್ಲಿ ವರ್ಷವಿಡೀ ಓಡಾಡುತ್ತದೆ. ಇದರಿಂದ ಯಾರ ಭಕ್ತಿಯೂ ಕಡಿಮೆಯಾದಂತಿಲ್ಲ.

ಹಾಗಾದರೆ ನನ್ನ ಕಿರಿಕಿರಿ ಯಾವುದರ ಬಗ್ಗೆ? ಮನೆಗೆ ಬಂದು ಪೆಟ್ಟಿಗೆಯನ್ನು ನಿಲ್ಲಿಸಿ ನೋಡಿದೆ. ಇಂಥ ಪೆಟ್ಟಿಗೆ ಮಾಡುವಾಗ ಚಿತ್ರವಿರುವ ತೆಳು ಹಾಳೆಯನ್ನು ಪಾಲಿಕಾರ್ಬೊನೇಟ್ ಹಲಗೆಗೆ ಅಂಟಿಸಿ, ಕಾಯಿಸಿ, ಅಚ್ಚಿಗೆ ಎಳೆಯುತ್ತಾರೆ. ಹಾಗೆ ಎಳೆದಾಗ ಮೂಲೆಗಳಲ್ಲಿ ಚಿತ್ರ ಹಿಗ್ಗುತ್ತದೆ. ಗಟ್ಟಿತನಕ್ಕೆಂದು ಬಿಟ್ಟ ಉದ್ದುದ್ದ ಏಣುಗಳು ಸೇತುವೆಯನ್ನು ಆರು ಕಡೆ ಮುರಿದಿದ್ದವು. ಸಹಿ ಇರಬೇಕಾದ ಕೆಳಮೂಲೆಯಲ್ಲಿ ಚಕ್ರ. ಒಳಗಿನ ಚೀಟಿಯಲ್ಲಿ ಅಳತೆ, ತೂಕ, ಬೆಲೆ ಎಲ್ಲ ಇದ್ದವು, ಬರೆದವನ ಹೆಸರಿರಲಿಲ್ಲ.

ಇದಕ್ಕಿಂತ ದೊಡ್ಡ ಕಳವು ಹೊತ್ತಿನದು. ಮೊನೆ 1892ರಿಂದ 1894ರ ನಡುವೆ ರೂಆಂ ನಗರದ ಒಂದೇ ಚರ್ಚನ್ನು ಮೂವತ್ತಕ್ಕೂ ಹೆಚ್ಚು ಸಲ ಬರೆದ. ಎದುರಿನ ಕೋಣೆಯಲ್ಲಿ ಹಲವು ಕ್ಯಾನ್ವಾಸು ಇಟ್ಟುಕೊಂಡು, ಬೆಳಕು ಬದಲಾದಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದ. ಚರ್ಚು ಒಂದೇ ಅಲ್ಲ, ಬೆಳಗ್ಗೆಯದು ಬೇರೆ, ಸಂಜೆಯದು ಬೇರೆ ಎನ್ನುವುದೇ ಅವನ ಕಾಣ್ಕೆ. ಸೂಟ್‌ಕೇಸಿನ ಚಿತ್ರದ ಕೆಲಸ ಇದಕ್ಕೆ ತದ್ವಿರುದ್ಧ. ಬೆಲ್ಟಿನ ಮೇಲೆ ನೂರು ಪೆಟ್ಟಿಗೆ ಉರುಳಿ ಬರುವಾಗ ಅರೆಕ್ಷಣದಲ್ಲಿ 'ಅದು ನನ್ನದು' ಅನ್ನಿಸಬೇಕು. ನಿಧಾನವಾಗಿ ನೋಡಲೆಂದು ಬರೆದ ಚಿತ್ರ ಇಲ್ಲಿ ಥಟ್ಟನೆ ಗುರುತು ಹಿಡಿಯುವುದಕ್ಕೆ ಒದಗಿದೆ.

ಇಷ್ಟು ಟಿಪ್ಪಣಿ ಮಾಡಿಕೊಂಡು ತೃಪ್ತಿಯಿಂದಿದ್ದೆ. ಗುರುತು ಎಂಬ ಮಾತೇ ನನ್ನನ್ನು ಹೊಳೆನರಸೀಪುರದ ತಾತನ ಮನೆಯ ಅಟ್ಟಕ್ಕೆ ಕರೆದೊಯ್ಯಿತು. ಅಲ್ಲಿ ತಾತನ ತಗಡಿನ ಟ್ರಂಕಿದೆ. ಹಸಿರು ಬಣ್ಣ, ಮುಚ್ಚಳದ ಮೇಲೆ ಕೈಯಲ್ಲಿ ಬರೆದ ಎರಡು ಗುಲಾಬಿ, ಕೆಳಗೆ ಬಿಳಿ ಅಕ್ಷರದಲ್ಲಿ ಹೆಸರು, ಊರು. ಮೊನೆಯ ಪೆಟ್ಟಿಗೆಗೆ ಇದನ್ನೇ ಉತ್ತರವಾಗಿ ನಿಲ್ಲಿಸಬೇಕೆಂದುಕೊಂಡಿದ್ದೆ: ಇದು ಯಾರದು, ಎಲ್ಲಿಯದು ಎಂದು ಹೇಳುವ ಪೆಟ್ಟಿಗೆ. ತಂಗಿಗೂ ಹೇಳಿದೆ, ನಿನ್ನದರ ಮೇಲೂ ಹೆಸರು ಬರೆಸೋಣ ಎಂದು.

"ಬೇಡ ಅಕ್ಕ. ಹೆಸರು ನೋಡಿದ ತಕ್ಷಣ ಯಾವ ಕಡೆಯವರು, ಯಾವ ಜನ ಅಂತ ಶುರು ಮಾಡ್ತಾರೆ. ಹೂವೇ ಇರ್ಲಿ."

ಅಟ್ಟದ ಟ್ರಂಕನ್ನು ಮತ್ತೆ ನೆನಪಿಸಿಕೊಂಡೆ. ತಾತನ ಹೆಸರು ಕೇಳಿದರೆ ನಮ್ಮ ಕಡೆ ಯಾರೂ ಜಾತಿಯನ್ನು ಬೇರೆಯಾಗಿ ಕೇಳಬೇಕಾಗಿಲ್ಲ. ಮಾಸ್ತರಿಕೆಯಲ್ಲಿ ಊರಿಂದೂರಿಗೆ ವರ್ಗವಾಗುತ್ತಿದ್ದ ಅವರು ಯಾವಾಗಲೋ ಆ ಹೆಸರಿನ ಮೇಲೆ ತಾವೇ ಹಸಿರು ಬಣ್ಣ ಬಳಿದಿದ್ದಾರೆ. ಈಗ ಓದಲು ಸಿಗುವುದು ಇನಿಶಿಯಲ್ಲು ಮತ್ತು ಊರು ಮಾತ್ರ. ಚಿಕ್ಕಂದಿನಿಂದ ಅದನ್ನು ತುಕ್ಕಿಗೆ ಬಳಿದ ಬಣ್ಣ ಎಂದುಕೊಂಡಿದ್ದೆ.

ಇದೇ ಹೇಮಾವತಿಯ ದಂಡೆಯ ರಾಮಸ್ವಾಮಿ ಅಯ್ಯಂಗಾರರನ್ನು ನಾವೆಲ್ಲ ಪ್ರೀತಿಯಿಂದ 'ಗೊರೂರು' ಎನ್ನುತ್ತೇವೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಎಂಬ ಹೆಸರಿನಲ್ಲಿ ಮನುಷ್ಯ ಮತ್ತು ಊರು ಒಟ್ಟಿಗೇ ವಿಮಾನ ಹತ್ತಿದ್ದಾರೆ. ಊರನ್ನೇ ಹೆಸರಾಗಿ ಹೊತ್ತು ಹೊರಡುವ ಆ ಹಗುರ ಎಲ್ಲರಿಗೂ ಸಿಕ್ಕಿದ್ದಲ್ಲ. ಹೂವಿನ ಚಿತ್ರ ಏನನ್ನೂ ಹೇಳುವುದಿಲ್ಲ ಎಂಬುದು ನನ್ನ ತಕರಾರಾಗಿತ್ತು. ತಂಗಿ ಅದನ್ನು ಕೊಂಡದ್ದೇ ಆ ಕಾರಣಕ್ಕೆ.

ಆ ಚಿತ್ರ ಮಾರುಕಟ್ಟೆಗೆ ಸಲೀಸಾಗಿ ಒದಗುವುದೂ ಹಾಗೆಯೇ. ಮೊನೆ ತೀರಿಕೊಂಡದ್ದು 1926ರಲ್ಲಿ, ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಯಿತು. ಈ ಕೊಳದ ಒಂದು ಚಿತ್ರವನ್ನು ಇಟ್ಟುಕೊಂಡಿರುವ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಇಂಥ ಕೃತಿಗಳ ಡಿಜಿಟಲ್ ಪ್ರತಿಗಳನ್ನು ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಆದರೆ ಆ ನೀರಿಗೂ ಊರಿತ್ತು, ಜಗಳವಿತ್ತು. 1893ರಲ್ಲಿ ಎಪ್ತ್ ಹೊಳೆಯ ಕವಲಿನಿಂದ ಕೊಳಕ್ಕೆ ನೀರು ತಿರುಗಿಸಲು ಮೊನೆ ಅನುಮತಿ ಕೇಳಿದಾಗ, ಅವನ ಹೊರದೇಶದ ಗಿಡಗಳು ನೀರನ್ನು ಕೆಡಿಸುತ್ತವೆಂದು ಹಳ್ಳಿಯವರು ತಗಾದೆ ತೆಗೆದಿದ್ದರು. ಪೆಟ್ಟಿಗೆಯ ಮೇಲಿನ ನೀರಿನಲ್ಲಿ ಆ ಹಳ್ಳಿಯವರಿಲ್ಲ.

ನಮ್ಮ ನೀರಿನ ಕಥೆಯೂ ಬೇರೆಯಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬುಡಸಮೇತ ಎದ್ದು ನಿಲ್ಲುತ್ತದೆ. ಮೊನೆಗೆ ಚರ್ಚಿನ ಮೇಲಿನ ಬೆಳಕು ಮಾತ್ರ ಬದಲಾಗುತ್ತಿತ್ತು. ಇಲ್ಲಿ ಚರ್ಚಿನ ಎತ್ತರವೇ ಬದಲಾಗುತ್ತದೆ. ಅದನ್ನು ಸೂಟ್‌ಕೇಸಿನ ಮೇಲೆ ಅಚ್ಚು ಹಾಕಿಸಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಫೋನನ್ನು ಕಣ್ಣಿಗೆ ಅಡ್ಡ ಹಿಡಿದೇ ನಿಂತಿದ್ದೆ. ಪೆಟ್ಟಿಗೆ ಮಾಡಿದವರ ಮೇಲೆ ಹೊರಿಸಿದ ಆರೋಪ ನನ್ನ ಕಡೆಗೂ ತಿರುಗುತ್ತದೆ.

ತಂಗಿ ಹೊರಟಳು. ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸುವಾಗ ಡಿಕ್ಕಿಯಿಂದ ಪೆಟ್ಟಿಗೆ ಎಳೆದರಂತೆ, ರಾತ್ರಿ ಫೋಟೊ ಕಳಿಸಿದಳು. ಸೇತುವೆಯ ಕೆಳಗೆ ಗೇಣುದ್ದದ ಬಿಳಿ ಗೀರು. ಫೋಟೊದ ಹಿಂದೆಯೇ ಧ್ವನಿ ಸಂದೇಶವೂ ಬಂತು: "ಗೀರು ಎಷ್ಟಿದೆ ಅಂತ ಹತ್ರದಿಂದ ನೋಡ್ತಿದ್ದೆ ಅಕ್ಕ. ನೀರಿನೊಳಗೆ ಮರಗಳ ನೆರಳಿದೆ, ತಲೆಕೆಳಗಾಗಿ. ನೀನು ನೋಡಿದ್ಯಾ?"

ಏಣು ಎಣಿಸಿದ್ದೆ, ಸಹಿ ಹುಡುಕಿದ್ದೆ. ನೆರಳನ್ನು ನೋಡಿರಲಿಲ್ಲ.