‘ಗೊಲ್ಗೊಥಾ’ ಕಾವ್ಯವೂ ಪುನರುತ್ಥಾನದ ಆಶೆಯೂ

ಮಂಜೇಶ್ವರದ ಗೋವಿಂದ ಪೈಗಳು 1937ರಲ್ಲಿ ಪ್ರಕಟಿಸಿದ ‘ಗೊಲ್ಗೊಥಾ’ ಎಂಬ ಖಂಡಕಾವ್ಯವು ಯೇಸುವಿನ ಕಡೆಯ ದಿನವನ್ನು ವಸ್ತುವಾಗಿ ಉಳ್ಳದ್ದು. ಮುಂದೆ 1946ರಲ್ಲಿ ಬುದ್ಧನ ಕಡೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಅವರು ಹೊರತಂದರು. ಪರಮತದ ಮಹಾಪುರುಷನ ಮರಣವನ್ನು ಇಷ್ಟು ಗೌರವದಿಂದ, ಇಷ್ಟು ಪಾಂಡಿತ್ಯದಿಂದ ಕನ್ನಡಿಸಿದ ಕವಿಗೆ ನಾಡು ಋಣಿಯಾಗಿದೆ. ಕಾವ್ಯದ ಶೈಲಿ ಹಳಗನ್ನಡದತ್ತ ಒಲಿದದ್ದು. ಅಪರಿಚಿತ ಶಬ್ದಗಳು ಹೆಜ್ಜೆಹೆಜ್ಜೆಗೂ ಓದುಗನನ್ನು ತಡೆಯುತ್ತವೆ. ಆದರೆ ನಿಧಾನವಾಗಿ ಓದುವವನಿಗೆ ಆ ತಡೆಯೇ ಉಪಕಾರ; ವಧ್ಯಸ್ಥಾನದ ದಾರಿಯಲ್ಲಿ ಧಾವಿಸಿ ನಡೆಯುವುದು ಉಚಿತವಲ್ಲವಷ್ಟೆ.

ಪ್ರಕೃತ ನಮ್ಮ ವಿಚಾರವು ಕಾವ್ಯದ ಗುಣದೋಷಗಳಿಗಿಂತ ಅದನ್ನು ನಾವು ಓದುವ ರೀತಿಗೆ ಸಂಬಂಧಿಸಿದ್ದು. ಕ್ರಿಸ್ತಕಥೆಯನ್ನು ಈ ಕಾವ್ಯದ ಮೂಲಕವೇ ಅರಿತ ಅನೇಕ ರಸಿಕರು, ಆ ಕಥೆಯ ಜೀವಾಳವೆಲ್ಲ ಶುಕ್ರವಾರದ ಶಿಲುಬೆಯಲ್ಲಿಯೇ ಇದೆಯೆಂದೂ, ಭಾನುವಾರದ ಪುನರುತ್ಥಾನವು ಭಕ್ತರ ಸಮಾಧಾನಕ್ಕಾಗಿ ಕೊನೆಗೆ ಹೊಲಿದ ಅಂಚೆಂದೂ ತಿಳಿಯುತ್ತಾರೆ. ಕವಿಯು ಒಂದು ದಿನವನ್ನು ಆರಿಸಿಕೊಂಡದ್ದು ಕವಿಯ ಸ್ವಾತಂತ್ರ್ಯ. ಆ ಒಂದು ದಿನವೇ ಕ್ರೈಸ್ತಧರ್ಮವೆಂದು ಭಾವಿಸುವುದು ಮಾತ್ರ ವಾಚಕನ ದೋಷ.

ನಮ್ಮ ಆಲಂಕಾರಿಕರು ಇಲ್ಲಿ ಒಳ್ಳೆಯ ದಾರಿ ತೋರುತ್ತಾರೆ. ಇಷ್ಟಜನರ ಮರಣದಲ್ಲಿ ಪುನರ್ಮಿಲನದ ಆಶೆಯಿಲ್ಲದಿದ್ದರೆ ಸ್ಥಾಯಿಯು ಶೋಕ, ರಸವು ಕರುಣ. ಪ್ರೇಮಿಗಳಲ್ಲಿ ಅಗಲಿದವರು ಮರಳಿ ಲಭಿಸುವರೆಂಬ ಭರವಸೆ ಹುಟ್ಟಿದೊಡನೆ ಅದು ಶುದ್ಧ ಕರುಣವಾಗಿ ಉಳಿಯದು. ಕರುಣವಿಪ್ರಲಂಭವೆಂಬ ಬೇರೆ ಹೆಸರು ಪಡೆಯುವುದು. ಇದಕ್ಕೆ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಕಾದಂಬರಿಯ ಮಹಾಶ್ವೇತೆಯನ್ನು ಉದಾಹರಿಸುತ್ತಾನೆ. ನಾಗವರ್ಮನ ಕನ್ನಡದಲ್ಲಿ ನಾವೆಲ್ಲ ಬಲ್ಲ ಆ ಕಥೆಯಲ್ಲಿ ಪುಂಡರೀಕನು ಸತ್ತದ್ದು ನಿಜ, ಮಹಾಶ್ವೇತೆಯ ಕಣ್ಣೀರು ನಿಜ. ಆದರೂ ದಿವ್ಯವಾಣಿಯನ್ನು ಕೇಳಿದ ಮೇಲೆ ಅವಳು ಪ್ರಾಣ ಬಿಡದೆ ಅಚ್ಛೋದ ಸರಸ್ಸಿನ ತೀರದಲ್ಲಿ ಕಾಯುತ್ತ ತಪಸ್ಸಿಗೆ ಕುಳಿತಳು. ನಮ್ಮ ಹಂಪೆಯ ಹೇಮಕೂಟವು ಮನ್ಮಥದಹನದ ಸ್ಥಳವೆಂದು ಪ್ರತೀತಿ. ಕುಮಾರಸಂಭವದ ನಾಲ್ಕನೆಯ ಸರ್ಗದಲ್ಲಿ ರತಿಯೂ ಅಶರೀರವಾಣಿಯನ್ನು ಕೇಳಿಯೇ ದೇಹತ್ಯಾಗದಿಂದ ಹಿಂದೆಗೆಯುತ್ತಾಳೆ. ಆಶೆಯು ದುಃಖವನ್ನು ಅಳಿಸಲಿಲ್ಲ, ಅದರ ಜಾತಿಯನ್ನು ಬದಲಿಸಿತು ಎಂಬುದು ಇಲ್ಲಿಯ ತಾತ್ಪರ್ಯ.

ಶೃಂಗಾರದ ಅಂಶವನ್ನು ಬದಿಗಿಟ್ಟು ಈ ತತ್ತ್ವವನ್ನು ಮಾತ್ರ ತೆಗೆದುಕೊಂಡರೆ ಈಸ್ಟರಿನ ಮರ್ಮವು ತೆರೆಯುತ್ತದೆ. ಸಮಾಧಿಯ ಬಳಿ ಅಳುತ್ತ ನಿಂತ ಮಗ್ದಲದ ಮರಿಯಳು ತನ್ನ ಹೆಸರನ್ನು ಕೇಳಿ ತಿರುಗಿದ ಕ್ಷಣದಲ್ಲಿ ಶುಕ್ರವಾರದ ರಸವೇ ಮಾರ್ಪಡುತ್ತದೆ. ಪುನರುತ್ಥಾನವು ಕಥೆಗೆ ಜೋಡಿಸಿದ ಬಾಲವಲ್ಲ; ಹಿಂದಿನದನ್ನೆಲ್ಲ ಮತ್ತೆ ಓದಿಸುವ ಬೆಳಕು.

ಆದರೆ ಸಾದೃಶ್ಯಕ್ಕೂ ಮಿತಿಯುಂಟು. ‘ಎಲ್ಲ ಮತಗಳ ಸಾರವೂ ಒಂದೇ’ ಎಂದು ಹೇಳಿ ಕೈತೊಳೆದುಕೊಳ್ಳುವವರು ಪುನರುತ್ಥಾನವನ್ನು ಪುನರ್ಜನ್ಮವೆಂದೋ, ಆತ್ಮನ ಅಮರತ್ವವೆಂದೋ ಅರ್ಥಮಾಡುತ್ತಾರೆ. ಎರಡೂ ಅಲ್ಲ. ಪುನರ್ಜನ್ಮದಲ್ಲಿ ದೇಹ ಬೇರೆ, ಹೆಸರು ಬೇರೆ, ನೆನಪು ಲುಪ್ತ. ಆತ್ಮನ ಅಮರತ್ವದಲ್ಲಿ ದೇಹವು ಕಳಚಿದ ಹಳೆಯ ವಸ್ತ್ರ. ಕ್ರೈಸ್ತರ ಆಶೆಯಾದರೋ ಈ ದೇಹವನ್ನೇ ಕುರಿತದ್ದು. ಎದ್ದುಬಂದವನ ಕೈಗಳಲ್ಲಿ ಮೊಳೆಗಳ ಗಾಯಗಳಿದ್ದವು, ತೋಮನು ಅವನ್ನು ನೋಡಿ ನಂಬಿದನು ಎಂದು ಸುವಾರ್ತೆ ಹೇಳುತ್ತದೆ. ಯುದ್ಧಕಾಂಡದಲ್ಲಿ ಇಂದ್ರನ ವರದಿಂದ ಎದ್ದ ಕಿಷ್ಕಿಂಧೆಯ ವಾನರರಿಗೂ, ಸಂಜೀವಿನಿಯಿಂದ ಬದುಕಿದ ಕಚನಿಗೂ, ಯೇಸುವೇ ಎಬ್ಬಿಸಿದ ಲಾಜರನಿಗೂ ದೊರೆತದ್ದು ಹಿಂದಿನ ಮರ್ತ್ಯ ಜೀವಿತವೇ. ಅವರಿಗೆ ಮರಣವು ಮುಂದೂಡಲ್ಪಟ್ಟಿತಷ್ಟೆ. ಕ್ರಿಸ್ತನು ಇನ್ನು ಸಾಯುವುದಿಲ್ಲ ಎಂಬುದು ಅವರ ನಂಬಿಕೆ.

‘ಪುನರುತ್ಥಾನ’ ಎಂಬ ಶಬ್ದವೂ ವಿಚಾರಾರ್ಹ. ಉತ್ಥಾನವೆಂದರೆ ಏಳುವುದು. ಕಾರ್ತಿಕದ ಉತ್ಥಾನದ್ವಾದಶಿಯಂದು ಯೋಗನಿದ್ರೆಯಿಂದ ಎದ್ದ ವಿಷ್ಣುವನ್ನು ತುಳಸಿಯ ಮುಂದೆ ಪೂಜಿಸುವ ನಮ್ಮ ಮನೆಗಳಲ್ಲಿ ಈ ಮಾತು ನಿದ್ರೆಯನ್ನೂ ಎಚ್ಚರವನ್ನೂ ಒಟ್ಟಿಗೆ ನೆನಪಿಸುತ್ತದೆ. ಪೌಲನೂ ತನ್ನ ಪತ್ರಗಳಲ್ಲಿ ಸತ್ತ ವಿಶ್ವಾಸಿಗಳನ್ನು ನಿದ್ರೆಹೋದವರೆಂದು ಕರೆಯುತ್ತಾನೆ; ಸ್ಮಶಾನಕ್ಕೆ ಗ್ರೀಕ್ ಕ್ರೈಸ್ತರು ಇಟ್ಟ ಹೆಸರಿಗೆ ಮಲಗುವ ಸ್ಥಳವೆಂದೇ ಅರ್ಥ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ಬೈಬಲಿನ ಕನ್ನಡ ಭಾಷಾಂತರಕ್ಕೆ ದುಡಿದವರು. ಕನ್ನಡ ಕ್ರೈಸ್ತರಿಗೆ ತಮ್ಮ ಆಶೆಯನ್ನು ತಮ್ಮ ನುಡಿಯಲ್ಲಿ ಹೇಳಿಕೊಳ್ಳುವ ದಾರಿಯು ತೆರೆದದ್ದರಲ್ಲಿ ನಮ್ಮ ಸೀಮೆಗೂ ಪಾಲುಂಟು.

ಒಬ್ಬನು ಎದ್ದರೆ ಉಳಿದವರಿಗೇನು? ಇದಕ್ಕೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಬೇಸಾಯಗಾರನ ಉಪಮಾನದಿಂದ ಉತ್ತರ ಹೇಳುತ್ತಾನೆ: ಕ್ರಿಸ್ತನು ಪ್ರಥಮಫಲ. ಕಂಪ್ಲಿಯ ಗದ್ದೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ತೆನೆ ಹೊರಟಿತೆಂದರೆ ಗದ್ದೆಯೆಲ್ಲ ತುಂಬಿತೆಂದಲ್ಲ. ಆದರೆ ಬಿತ್ತಿದ ಬೀಜ ಸತ್ಯವೆಂದು ರೈತನು ಆ ದಿನ ಧೈರ್ಯವಾಗಿ ನಿದ್ರಿಸುತ್ತಾನೆ. ಈಸ್ಟರಿನ ಆಶೆಯು ಅಂತಹದು. ಕೊಯಿಲು ಮುಂದಿದೆ, ಮಣ್ಣಿನಲ್ಲಿ ಇಟ್ಟವರು ಇನ್ನೂ ಮಣ್ಣಿನಲ್ಲಿಯೇ ಇದ್ದಾರೆ.

ಇಂತಹ ಆಶೆಯು ದುಃಖಿತನನ್ನು ವಂಚಿಸುವುದಿಲ್ಲವೇ ಎಂಬ ಆಕ್ಷೇಪವು ಹಗುರವಾದುದಲ್ಲ. ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ ಉಪದೇಶ ಹೇಳುವುದು ಸುಲಭ. ಆದರೆ ಸುವಾರ್ತೆಗಳೇ ಈ ಸುಲಭವನ್ನು ಒಪ್ಪುವುದಿಲ್ಲ. ಮಾರ್ಕನ ಸುವಾರ್ತೆಯ ಅತಿ ಪ್ರಾಚೀನ ಹಸ್ತಪ್ರತಿಗಳಾದ ಸಿನಾಯ್ಟಿಕಸ್, ವ್ಯಾಟಿಕಾನಸ್‌ಗಳಲ್ಲಿ ಗ್ರಂಥವು 16ನೆಯ ಅಧ್ಯಾಯದ 8ನೆಯ ವಚನಕ್ಕೇ ಮುಗಿಯುತ್ತದೆ. ಅಲ್ಲಿ ಸ್ತ್ರೀಯರು ಬರಿದಾದ ಸಮಾಧಿಯನ್ನು ಕಂಡು ನಡುಗಿ, ಮಾತಿಲ್ಲದೆ ಓಡುತ್ತಾರೆ. ಭಯವೇ ಮೊದಲು, ಹರ್ಷವು ಆಮೇಲೆ. ರೋಮನ್ ಕಥೋಲಿಕರ ಈಸ್ಟರ್ ಜಾಗರಣೆಯೂ ಕತ್ತಲಲ್ಲಿಯೇ ಆರಂಭವಾಗುತ್ತದೆ: ಹೊಸ ಬೆಂಕಿಯಿಂದ ಹಚ್ಚಿದ ಒಂದು ದೊಡ್ಡ ಮೇಣದ ಬತ್ತಿಯಿಂದ ಕೈಯಿಂದ ಕೈಗೆ ದೀಪವು ಹರಡುತ್ತದೆ. ಕತ್ತಲೆಯನ್ನು ಇಲ್ಲವೆನ್ನದೆ ಅದರೊಳಗೆ ದೀಪ ಹಿಡಿಯುವ ಈ ವಿಧಿಯು ಆ ಆಶೆಗೆ ಬರೆದ ಉತ್ತಮ ವ್ಯಾಖ್ಯಾನ.

ಆದುದರಿಂದ ‘ಗೊಲ್ಗೊಥಾ’ವನ್ನು ಓದುವ ಸಹೃದಯರಲ್ಲಿ ನಮ್ಮ ಬಿನ್ನಹವಿಷ್ಟೆ. ಈ ಕಾವ್ಯವನ್ನು ಕರುಣಕಾವ್ಯವೆಂದು ಓದಿ, ಕಣ್ಣು ಒದ್ದೆಯಾಗಲಿ. ಆದರೆ ನೆರೆಮನೆಯ ಕ್ರೈಸ್ತನು ಅದೇ ಕಥೆಯನ್ನು ಓದುವಾಗ ಅವನ ಕಿವಿಯಲ್ಲಿ ಮಹಾಶ್ವೇತೆಗೆ ಕೇಳಿಸಿದಂತಹ ಒಂದು ವಾಣಿಯಿದೆಯೆಂಬುದನ್ನು ಮರೆಯಬೇಡಿ. ಅದನ್ನು ನಾವು ನಂಬುವುದೂ ಬಿಡುವುದೂ ಬೇರೆ ಮಾತು. ಅವನು ಏತಕ್ಕಾಗಿ ಕಾಯುತ್ತಿದ್ದಾನೆಂಬುದನ್ನು ಸರಿಯಾಗಿ ತಿಳಿಯುವುದು ನೆರೆಯವರಾದ ನಮ್ಮ ಧರ್ಮ.